ದುಬೈ ಲೈಸೆನ್ಸ್‌ಗೆ ಅರ್ಜಿ ಹಾಕುವ ನರ್ಸ್‌ಗಳೇ, ಇ-ಮೇಲ್ ನಿಮ್ಮದೇ ಇರಲಿ

ಗಲ್ಫ್‌ಗೆ ಹೋಗುವ ಯೋಚನೆಯಲ್ಲಿರುವ ನರ್ಸ್‌ಗಳು ಇದನ್ನು ಪೂರ್ತಿ ಓದಿ. ಏಜೆಂಟ್ ಅವನ ಇ-ಮೇಲ್‌ನಿಂದ ನಿಮ್ಮ ಅರ್ಜಿ ಹಾಕುತ್ತೇನೆ ಅಂದರೆ ಫೈಲ್ ಎತ್ತಿಕೊಂಡು ಎದ್ದು ಬನ್ನಿ. 2019ರಲ್ಲಿ ನಾನು ಎದ್ದು ಬರಲಿಲ್ಲ. 2,85,000 ರೂಪಾಯಿ ಹೋಯಿತು. ಅದರ ಮೇಲೆ ಸುಳ್ಳು ದಾಖಲೆ ಕೊಟ್ಟವಳು ಅನ್ನುವ ಹೆಸರು ಬಂತು.

ನಮ್ಮ ಮನೆ ಕೊಡಗಿನ ಮಾದಾಪುರದ ಹತ್ತಿರ. ಅಪ್ಪ ಎಸ್ಟೇಟ್ ಒಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು. ಸ್ವಂತದ್ದು ಅಂತ ಎರಡು ಎಕರೆ ಕಾಫಿ, ಸಿಲ್ವರ್ ಓಕ್‌ಗೆ ಹಬ್ಬಿಸಿದ ಮೆಣಸಿನ ಬಳ್ಳಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಅದರಲ್ಲಿ ಮುಕ್ಕಾಲು ಎಕರೆ ಮಣ್ಣಿನ ಜೊತೆ ತೋಡಿಗೆ ಇಳಿಯಿತು. ನಾನಾಗ ಮೈಸೂರಿನ ಒಂದು ಆಸ್ಪತ್ರೆಯ ಐಸಿಯುನಲ್ಲಿದ್ದೆ. ಬಿಎಸ್ಸಿ ನರ್ಸಿಂಗ್ ಮುಗಿಸಿ 2017ರ ಜೂನ್‌ನಲ್ಲಿ ಸೇರಿದ್ದು, ಹದಿನಾಲ್ಕು ತಿಂಗಳಾಗಿತ್ತು. ಕೆಲಸ ಬಿಟ್ಟು ಊರಿಗೆ ಬಂದೆ. ಹುತ್ತರಿ ಹಬ್ಬ ಕಳೆದ ಮೇಲೆ ಇಲ್ಲೇ ಹತ್ತಿರದ ನರ್ಸಿಂಗ್ ಹೋಮ್ ಒಂದಕ್ಕೆ ಸೇರಿದೆ. ಸಂಬಳ ಹೇಳಿಕೊಳ್ಳುವಂಥದ್ದಲ್ಲ. ದುಬೈ ಅನ್ನುವುದು ತಲೆಗೆ ಹೊಕ್ಕಿದ್ದು ಆಗಲೇ.

ಏಜೆಂಟ್‌ನ ಆಫೀಸು ಪೇಟೆಯ ಮೊಬೈಲ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಗೋಡೆ ತುಂಬಾ ಬಿಳಿ ಕೋಟಿನವರ ಫೋಟೋ. ಆತ ಬಹಳ ಮರ್ಯಾದೆಯಿಂದಲೇ ಮಾತಾಡಿದ. ಎರಡೂ ಕಡೆಯ ಅನುಭವ ಕೂಡಿಸಿದ. ಹದಿನಾಲ್ಕು, ಎಂಟು, ಒಟ್ಟು ಇಪ್ಪತ್ತೆರಡು ತಿಂಗಳು. ಆಗ ನನಗೆ ಬೇಕಾಗಿದ್ದದ್ದು ಎರಡು ವರ್ಷ.

"ಎರಡು ತಿಂಗಳು ತಾನೇ ಸಿಸ್ಟರ್? ಅದನ್ನು ನನಗೆ ಬಿಡಿ. ನೀವು ಕೆಲಸಕ್ಕೆ ರಾಜೀನಾಮೆ ಕೊಟ್ಟು ಓದ್ಕೊಳ್ಳಿ. ಮೂರು ತಿಂಗಳಲ್ಲಿ ವೀಸಾ."

ಎರಡು ತಿಂಗಳು ಅದೇ ನರ್ಸಿಂಗ್ ಹೋಮ್‌ನಲ್ಲಿ ಡ್ಯೂಟಿ ಮಾಡಿದ್ದರೆ ಮುಗಿದಿತ್ತು. ಒಂದು ಸುಳ್ಳೂ ಬೇಕಿರಲಿಲ್ಲ. ಅಷ್ಟು ಸಣ್ಣ ಲೆಕ್ಕ ಅವತ್ತು ನನಗೂ ಹೊಳೆಯಲಿಲ್ಲ, ಪಕ್ಕದಲ್ಲಿ ಕೂತಿದ್ದ ಅಪ್ಪನಿಗೂ ಹೊಳೆಯಲಿಲ್ಲ. ದಿನವೂ ಎಸ್ಟೇಟಿನ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಬರೆಯುವ ಮನುಷ್ಯ!

ಅಮ್ಮನ ಆರು ಪವನ್ ಸರ ಅಡವಿಟ್ಟೆವು. ಆ ವರ್ಷದ ಮೆಣಸಿನ ದುಡ್ಡೂ ಸೇರಿತು. ರಸೀದಿ ಕೊಟ್ಟಿದ್ದು 15,000ಕ್ಕೆ ಮಾತ್ರ, ಅದೂ 'ಕನ್ಸಲ್ಟೆನ್ಸಿ' ಅಂತ. ಉಳಿದದ್ದೆಲ್ಲ ಕೈಯಿಂದ ಕೈಗೆ.

ಇನ್ನು ಆ ಫಾರಂ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದುಬೈ ಹೆಲ್ತ್ ಅಥಾರಿಟಿ, ಅಂದರೆ ಡಿಎಚ್‌ಎ, ನೀವು ಕೊಟ್ಟ ಸರ್ಟಿಫಿಕೇಟ್ ನೋಡಿ ಸುಮ್ನೆ ಒಪ್ಪಿಕೊಳ್ಳುವುದಿಲ್ಲ. ಡೇಟಾಫ್ಲೋ ಅನ್ನುವ ಕಂಪನಿಯಿಂದ ಪರಿಶೀಲನೆ ಮಾಡಿಸುತ್ತದೆ. ಅವರು ನಿಮ್ಮ ಡಿಗ್ರಿಯ ಬಗ್ಗೆ ಯೂನಿವರ್ಸಿಟಿಯನ್ನೇ ಕೇಳುತ್ತಾರೆ, ರಿಜಿಸ್ಟ್ರೇಷನ್ ಬಗ್ಗೆ ನರ್ಸಿಂಗ್ ಕೌನ್ಸಿಲನ್ನು ಕೇಳುತ್ತಾರೆ, ಅನುಭವದ ಬಗ್ಗೆ ಕೆಲಸ ಮಾಡಿದ ಆಸ್ಪತ್ರೆಯನ್ನೇ ಕೇಳುತ್ತಾರೆ. ನಿಮ್ಮ ಕೈಯಲ್ಲಿರುವ ಕಾಗದಕ್ಕಿಂತ ಅಲ್ಲಿಂದ ಬರುವ ಉತ್ತರವೇ ಮುಖ್ಯ. ಹಾಗೆ ಕೇಳಲು ನಿಮ್ಮ ಒಪ್ಪಿಗೆ ಬೇಕಲ್ಲ, ಅದಕ್ಕೊಂದು ಆಥರೈಸೇಷನ್ ಪತ್ರ. ಏಜೆಂಟ್ ಆ ಪತ್ರವನ್ನು ಖಾಲಿ ಇಟ್ಟು ಮುಂದಕ್ಕೆ ತಳ್ಳಿದ. ಹೆಸರಿಲ್ಲ, ಪಾಸ್‌ಪೋರ್ಟ್ ನಂಬರ್ ಇಲ್ಲ, ತಾರೀಖಿಲ್ಲ. ಕೆಳಗೆ ಪೆನ್ಸಿಲ್‌ನಲ್ಲಿ ಒಂದು ಇಂಟು ಮಾರ್ಕ್. "ಇಲ್ಲಿ ಸೈನ್, ಪಾಸ್‌ಪೋರ್ಟ್‌ನಲ್ಲಿ ಇರೋ ಥರಾನೇ." ಹಾಕಿದೆ. ಮೇಲಿನ ನಾಲ್ಕು ಸಾಲನ್ನು ಓದಲೂ ಇಲ್ಲ.

ಡಿಎಚ್‌ಎಗೆ ಅರ್ಜಿ ಹಾಕುವ ವೆಬ್‌ಸೈಟ್ ಶೆರಿಯಾನ್ ಪೋರ್ಟಲ್‌ನ ಅಕೌಂಟೂ ಅವನದೇ ಇ-ಮೇಲ್, ಅವನದೇ ಪಾಸ್‌ವರ್ಡ್. "ನಿಮ್ಮೂರಲ್ಲಿ ಮಳೆ ಬಂದ್ರೆ ನೆಟ್‌ವರ್ಕೇ ಇರಲ್ಲ ಸಿಸ್ಟರ್, ಮೇಲ್ ಮಿಸ್ ಆದ್ರೆ ಕಷ್ಟ" ಅಂದ. ಮಾತೇನೋ ನಿಜ. ಆ ಆಗಸ್ಟ್‌ನಲ್ಲಿ ನಮಗೆ ಕರೆಂಟೇ ಸರಿಯಾಗಿರಲಿಲ್ಲ.

ಕೆಲಸ ಬಿಟ್ಟೆ. ಓದಿದೆ. ನವೆಂಬರ್‌ನಲ್ಲಿ ಬೆಂಗಳೂರಿಗೆ ಹೋಗಿ ಲೈಸೆನ್ಸ್‌ಗೆ ಬೇಕಾದ ಕಂಪ್ಯೂಟರ್ ಪರೀಕ್ಷೆ, ಪ್ರೊಮೆಟ್ರಿಕ್, ಬರೆದು ಪಾಸಾದೆ. ಮನೆಯಲ್ಲಿ ಪಾಯಸ ಆಯಿತು. ಪರೀಕ್ಷೆ ಪಾಸಾದರೆ ಲೈಸೆನ್ಸ್ ಸಿಕ್ಕಂತೆ ಅಂದುಕೊಂಡಿದ್ದೆ. ಅಲ್ಲ. ಪರೀಕ್ಷೆ, ಡೇಟಾಫ್ಲೋ ಎರಡೂ ಸರಿಯಾದರೆ ಮೊದಲು ಎಲಿಜಿಬಿಲಿಟಿ ಪತ್ರ. ದುಬೈನ ಆಸ್ಪತ್ರೆಯೊಂದು ಕೆಲಸಕ್ಕೆ ತೆಗೆದುಕೊಂಡ ಮೇಲೆ ಲೈಸೆನ್ಸ್ ಚಾಲ್ತಿಗೆ ಬರುವುದು. 

ಡಿಸೆಂಬರ್ ಹೋಯಿತು, ಜನವರಿ ಹೋಯಿತು. ಕಾಫಿ ಕುಯ್ಲು ಮುಗಿದು ಕಣದಲ್ಲಿ ಹಣ್ಣು ಒಣಗಿತು. ಫೋನ್ ಮಾಡಿದಾಗಲೆಲ್ಲ ಒಂದೇ ಉತ್ತರ, "ಪ್ರೊಸೆಸ್‌ನಲ್ಲಿದೆ." ಫೆಬ್ರವರಿಯಲ್ಲಿ ನನ್ನ ಕ್ಲಾಸ್‌ಮೇಟ್ ಒಬ್ಬಳು ಮಸ್ಕತ್‌ನಿಂದ ಫೋನ್ ಮಾಡಿದಳು. ಕೇಸ್ ನಂಬರ್, ಪಾಸ್‌ಪೋರ್ಟ್ ನಂಬರ್ ಹಾಕಿದರೆ ಸ್ಟೇಟಸ್ ನಾವೇ ನೋಡಬಹುದು ಕಣೇ ಅಂದಳು. ಏಜೆಂಟ್ ಯಾವಾಗಲೋ ವಾಟ್ಸಾಪ್‌ನಲ್ಲಿ ಕಳಿಸಿದ್ದ ಒಂದು ಸ್ಕ್ರೀನ್‌ಶಾಟ್‌ನ ಮೂಲೆಯಲ್ಲಿ ಆ ನಂಬರ್ ಇತ್ತು. ಹಾಕಿ ನೋಡಿದೆ. ಕೇಸ್ ಮುಗಿದು ಎರಡು ತಿಂಗಳಾಗಿತ್ತು. ವರದಿ ನೆಗೆಟಿವ್, ಅಂದರೆ ಕೊಟ್ಟ ದಾಖಲೆ ತಾಳೆಯಾಗಿಲ್ಲ.

ಮೈಸೂರಿನ ಆಸ್ಪತ್ರೆಗೆ ಓಡಿದೆ. ಹಳೆಯ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಎಚ್‌ಆರ್‌ನಿಂದ ಫೈಲ್ ತರಿಸಿದರು. ಡೇಟಾಫ್ಲೋದವರು ಆಸ್ಪತ್ರೆಗೆ ಕಳಿಸಿದ್ದ ನನ್ನ ಎಕ್ಸ್‌ಪೀರಿಯೆನ್ಸ್ ಲೆಟರ್‌ನ ಪ್ರತಿ ಅದರಲ್ಲಿತ್ತು. ಸೇರಿದ ತಾರೀಖು 01-01-2017. ನಾನು ಸೇರಿದ್ದು 01-06-2017. ಬದಲಾಗಿದ್ದು ಒಂದೇ ಅಂಕಿ. ಹತ್ತಿರ ಹಿಡಿದು ನೋಡಿದರೆ ಆ 1 ಮಾತ್ರ ಪಕ್ಕದವುಗಳಿಗಿಂತ ಕೂದಲೆಳೆಯಷ್ಟು ದಪ್ಪ.

"ಯಾಕಮ್ಮ ಹೀಗೆ ಮಾಡ್ದೆ?" ಅಂದರು ಮೇಡಂ. ನಾನಲ್ಲ ಮೇಡಂ, ಏಜೆಂಟ್ ಅಂದೆ. ಅವರು ಕನ್ನಡಕ ಏರಿಸಿಕೊಂಡು ಆಥರೈಸೇಷನ್ ಪತ್ರದ ಪ್ರತಿಯನ್ನು ನನ್ನ ಕಡೆ ತಿರುಗಿಸಿದರು. ಕೊಟ್ಟಿರುವ ಮಾಹಿತಿ ಎಲ್ಲ ನಿಜ ಅನ್ನುವ ಮಾತಿನ ಕೆಳಗೆ ನನ್ನ ಸಹಿ. ಪಾಸ್‌ಪೋರ್ಟ್‌ನಲ್ಲಿ ಇರೋ ಥರಾನೇ.

ಏಜೆಂಟ್ ಮೊದಲು ಅಪೀಲ್ ಮಾಡೋಣ ಅಂದ, ಅದಕ್ಕೆ ಇನ್ನೂ 40,000 ಕೇಳಿದ. ಅಪೀಲ್ ಅನ್ನುವುದು ಇದೆ, ಸುಳ್ಳಲ್ಲ. ಆಸ್ಪತ್ರೆಯೇ ತಪ್ಪು ಉತ್ತರ ಕೊಟ್ಟಿದ್ದರೆ ಅದು ಉಪಯೋಗಕ್ಕೆ ಬರುತ್ತದೆ. ಇಲ್ಲಿ ಆಸ್ಪತ್ರೆ ಹೇಳಿದ್ದೇ ಸರಿ, ನಾನು ಏನಂತ ಅಪೀಲ್ ಮಾಡಲಿ? ಜಗಳ ಆಡಿ 60,000 ವಾಪಸ್ ತಂದೆವು. ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಬಾಗಿಲು ತೆಗೆದಾಗ ಆ ಮಹಡಿಯಲ್ಲಿ ಟೈಲರಿಂಗ್ ಅಂಗಡಿ ಇತ್ತು.

ಆಮೇಲೆ ತಿಳಿದುಕೊಂಡ ಕೆಲವು ವಿಷಯ ನಿಮಗೆ ಮೊದಲೇ ಗೊತ್ತಿರಲಿ. ವಿದೇಶದ ಕೆಲಸಕ್ಕೆ ಕಳಿಸುವ ಏಜೆಂಟ್ ಕೇಂದ್ರ ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಆ ಪಟ್ಟಿ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿದೆ. ನಮ್ಮವನ ಹೆಸರು ಅಲ್ಲಿರಲಿಲ್ಲ. ನೋಂದಣಿ ಇರುವ ಏಜೆಂಟ್ ತೆಗೆದುಕೊಳ್ಳಬಹುದಾದ ಸರ್ವಿಸ್ ಚಾರ್ಜ್ ಹೆಚ್ಚೆಂದರೆ 30,000 ಮತ್ತು ಜಿಎಸ್‌ಟಿ. ನಾವು ಕೊಟ್ಟಿದ್ದಕ್ಕೂ ಇದಕ್ಕೂ ಇರುವ ಅಂತರ ನೋಡಿ. ಯುಎಇ ಸೇರಿ 18 ದೇಶಗಳಿಗೆ ನರ್ಸ್‌ಗಳನ್ನು ಸರ್ಕಾರಿ ಸಂಸ್ಥೆಗಳ ಮೂಲಕವೇ ಕಳಿಸಬೇಕು ಅಂತ 2015ರಲ್ಲೇ ಕೇಂದ್ರ ನಿಯಮ ಮಾಡಿತ್ತು. ಕೇರಳದ ನೋರ್ಕಾ ರೂಟ್ಸ್, ಒಡೆಪೆಕ್ ಅಂಥವು. ಮಾಕುಟ್ಟ ಘಾಟಿ ಇಳಿದರೆ ಆ ಕಡೆಯ ಹುಡುಗಿಯರಿಗೆಲ್ಲ ಈ ಹೆಸರುಗಳು ಬಾಯಿಪಾಠ. ಈ ಕಡೆ ನಾವು ಮೊಬೈಲ್ ಅಂಗಡಿಯ ಮಹಡಿ ಹತ್ತುತ್ತೇವೆ.

ಇನ್ನೊಂದು. ಕೆಲಸ ಬಿಡುವ ದಿನವೇ ಎಕ್ಸ್‌ಪೀರಿಯೆನ್ಸ್ ಲೆಟರ್ ತೆಗೆದುಕೊಳ್ಳಿ. ಅದರಲ್ಲಿರುವ ತಾರೀಖು ಎಚ್‌ಆರ್ ರಿಜಿಸ್ಟರ್‌ನಲ್ಲೂ ಅದೇ ಇದೆಯಾ ಕೇಳಿ ನೋಡಿ. ಸಂಬಳದ ಸ್ಲಿಪ್ ಬಿಸಾಡಬೇಡಿ.

ನಾನೀಗ ಮಡಿಕೇರಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಅನುಭವ ಎರಡಲ್ಲ, ಐದು ವರ್ಷ ದಾಟಿದೆ. ಬೇರೆ ದೇಶದ ಫಾರಂ ತೆಗೆದರೂ ಹಿಂದೆ ಎಲ್ಲಾದರೂ ಅರ್ಜಿ ತಿರಸ್ಕಾರವಾಗಿದೆಯಾ ಅನ್ನುವ ಸಾಲಿನ ಹತ್ತಿರ ಬಂದು ಕೈ ನಿಲ್ಲುತ್ತದೆ.

ಹೋದ ತಿಂಗಳು ನಮ್ಮ ವಾರ್ಡಿನ ಜೂನಿಯರ್ ಹುಡುಗಿ ಮನೆಗೆ ಬಂದಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಫೈಲ್. "ಅಕ್ಕಾ, ಏಜೆಂಟ್ ಅವರ ಮೇಲ್ ಐಡಿನೇ ಸಾಕು ಅಂತಾರೆ" ಅಂದಳು. ನೀರಿನ ಟ್ಯಾಂಕ್ ಪಕ್ಕದಲ್ಲಿ ಎರಡು ಕಡ್ಡಿ ನೆಟ್‌ವರ್ಕ್ ಸಿಗುತ್ತದೆ. ಅಲ್ಲಿಗೆ ಕರೆದುಕೊಂಡು ಹೋಗಿ ಅವಳ ಹೆಸರಲ್ಲೇ ಹೊಸ ಇ-ಮೇಲ್ ತೆರೆಸಿದೆ. ಪಾಸ್‌ವರ್ಡ್ ಹಾಕುವಾಗ ಫೋನ್ ನನ್ನ ಕಡೆ ತಿರುಗಿಸಿ, "ಅಕ್ಕಾ, ಏನಂತ ಇಡಲಿ?" ಅಂತ ಕೇಳಿದಳು. ನನಗೂ ಹೇಳಬೇಡ ಅಂದು ತೋಟದ ಕಡೆ ಮುಖ ಮಾಡಿ ನಿಂತೆ.