ಏರ್ಕಾಡೋ, ಊಟಿಯೋ, ಕೊಡೈಯೋ: ಹೊಸೂರಿನಿಂದ ಬೆಟ್ಟದ ಕೆರೆಗೆ ಹೊರಡುವವರ ಲೆಕ್ಕ

ಏಪ್ರಿಲ್ ಮುಗಿಯುತ್ತ ಬಂತೆಂದರೆ ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿ ಕಡೆಯ ಮನೆಗಳಲ್ಲೆಲ್ಲ ಇದೇ ಮಾತು. ಮಕ್ಕಳಿಗೆ ರಜೆ ಇದೆ, ಎರಡು ಮೂರು ದಿನ ತಂಪಿಗೆ ಹೋಗಿಬರೋಣ, ಬೆಟ್ಟವೂ ಇರಲಿ ಕೆರೆಯೂ ಇರಲಿ. ಎರಡೂ ಒಟ್ಟಿಗೆ ಸಿಗುವ ಊರುಗಳಲ್ಲಿ ನಮಗೆ ಎಟುಕುವವು ಮೂರು: ಸೇಲಂ ನೆತ್ತಿಯ ಮೇಲಿರುವ ಏರ್ಕಾಡು, ನೀಲಗಿರಿಯ ಊಟಿ, ದಿಂಡಿಗಲ್ ಜಿಲ್ಲೆಯ ಕೊಡೈಕನಾಲ್. ಮೂರಕ್ಕೂ ಬೇಸಿಗೆಯಲ್ಲೇ, ಕಾರಿನಲ್ಲೂ ಬಸ್ಸಿನಲ್ಲೂ ಹೋಗಿ ನೋಡಿ ಬರೆದ ಹೋಲಿಕೆ ಇದು.

ನೋಡಬೇಕಾದ ಜಾಗಗಳ ಪಟ್ಟಿ ಎಲ್ಲ ಕಡೆಯೂ ಸಿಗುತ್ತದೆ. ನಾವು ಲೆಕ್ಕ ಇಟ್ಟದ್ದು ಇನ್ನೊಂದಕ್ಕೆ. ಮನೆಗೆ ಬೀಗ ಹಾಕಿದಾಗಿನಿಂದ ಮತ್ತೆ ಬೀಗ ತೆಗೆಯುವವರೆಗೆ ಎಷ್ಟು ಗಂಟೆ ಕೆರೆಯ ದಂಡೆಯಲ್ಲಿ ಕಳೆಯಿತು, ಎಷ್ಟು ಗಂಟೆ ರಸ್ತೆ ನುಂಗಿತು?

ಮೊದಲು ತಂಪಿನ ವಿಷಯ. ಸಾವಿರ ಮೀಟರ್ ಮೇಲೇರಿದರೆ ಸುಮಾರು ಆರೂವರೆ ಡಿಗ್ರಿ ಸೆಕೆ ಇಳಿಯುತ್ತದೆ. ಏರ್ಕಾಡು ಇರುವುದು ಸುಮಾರು 1,500 ಮೀಟರ್ ಎತ್ತರದಲ್ಲಿ. 280 ಮೀಟರಿನ ಸೇಲಂನಿಂದ ಹೋದವರಿಗೆ ಅದು ಎಂಟು ಡಿಗ್ರಿಯ ಬಿಡುಗಡೆ, ಸ್ವರ್ಗವೇ ಸರಿ. ಆದರೆ ಹೊಸೂರೇ ಸುಮಾರು 900 ಮೀಟರ್ ಮೇಲಿದೆ. ಇಲ್ಲಿಂದ ಹೋದವರಿಗೆ ಸಿಗುವುದು ನಾಲ್ಕು ಡಿಗ್ರಿಗಿಂತ ಕಡಿಮೆ. ಮೇ ತಿಂಗಳ ನಡುಮಧ್ಯಾಹ್ನ ಏರ್ಕಾಡಿನಲ್ಲೂ ಫ್ಯಾನ್ ಬೇಕಾಗುತ್ತದೆ, ಸ್ವೆಟರ್ ಬೇಕಾಗುವುದು ಬೆಳಗಿನ ಜಾವಕ್ಕೆ ಮಾತ್ರ. ಊಟಿ 2,240 ಮೀಟರ್, ಕೊಡೈಕನಾಲ್ ಸುಮಾರು 2,130 ಮೀಟರ್. ಅಲ್ಲಿ ನಮಗೂ ಎಂಟು ಡಿಗ್ರಿಯಷ್ಟು ಇಳಿಯುತ್ತದೆ, ರಾತ್ರಿ ರಗ್ಗು ಹೊದ್ದೇ ಮಲಗಬೇಕು. ಕೃಷ್ಣಗಿರಿಯವರು ಐನೂರು ಮೀಟರಿನ ಬೇಗೆಯಲ್ಲಿರುವುದರಿಂದ ಅವರಿಗೆ ಏರ್ಕಾಡೂ ಸಾಕಷ್ಟು ತಂಪೇ. ‘ಏರ್ಕಾಡು ಏನೂ ತಂಪಿಲ್ಲ’ ಎಂದು ಹೊಸೂರಿನವರು, ‘ತುಂಬ ತಂಪು’ ಎಂದು ಕೃಷ್ಣಗಿರಿಯವರು ವಾದ ಮಾಡಿದರೆ ಇಬ್ಬರದೂ ನಿಜ.

ಇನ್ನು ದೂರ. ಹೊಸೂರಿನಿಂದ ಸೇಲಂಗೆ ಸುಮಾರು 160 ಕಿಲೋಮೀಟರ್, ಅಲ್ಲಿಂದ ಬೆಟ್ಟಕ್ಕೆ 30. ಬೆಳಗ್ಗೆ ಐದಕ್ಕೆ ಹೊರಟರೆ ಒಂಬತ್ತಕ್ಕೆ ಕೆರೆ. ಊಟಿಗೆ ಆನೇಕಲ್, ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಚಾಮರಾಜನಗರ, ಗುಂಡ್ಲುಪೇಟೆ ಮೇಲೆ ಹೋದರೆ 280ರಿಂದ 300 ಕಿಲೋಮೀಟರ್, ಏಳೂವರೆಯಿಂದ ಎಂಟು ಗಂಟೆ. ಕೊಡೈಗೆ ಸೇಲಂ, ಕರೂರು, ದಿಂಡಿಗಲ್, ವತ್ತಲಗುಂಡು ದಾಟಿ 430ರ ಸುಮಾರು, ಒಂಬತ್ತು ಗಂಟೆಗೆ ಕಡಿಮೆ ಇಲ್ಲ. ಶನಿವಾರ ಬೆಳಗಿನಿಂದ ಭಾನುವಾರ ರಾತ್ರಿಯವರೆಗೆ ಇರುವುದೇ ನಲವತ್ತು ಗಂಟೆ. ಅದರಲ್ಲಿ ಏರ್ಕಾಡಿನ ರಸ್ತೆಗೆ ಎಂಟು ಹೋಗುತ್ತದೆ, ಊಟಿಗೆ ಹದಿನಾರು, ಕೊಡೈಗೆ ಹದಿನೆಂಟು. ನಿದ್ದೆಯನ್ನೂ ಕಳೆದರೆ ಎರಡು ದಿನದ ಊಟಿ, ಕೊಡೈ ಎರಡೂ ಹೋದ ಪುಟ್ಟ ಬಂದ ಪುಟ್ಟ. ಪೆಟ್ರೋಲಿನ ಲೆಕ್ಕವೂ ಹೀಗೆಯೇ: ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರಿಗೆ, ಮೇಲಿನ ಓಡಾಟವೂ ಸೇರಿ, ಏರ್ಕಾಡಿಗೆ 27 ಲೀಟರ್, ಊಟಿಗೆ 44, ಕೊಡೈಗೆ 61. ಘಾಟಿಯಲ್ಲಿ ಮೈಲೇಜು ಮೂರನೇ ಒಂದರಷ್ಟು ಬೀಳುವುದರಿಂದ ಇದರ ಮೇಲೆ ಮೂರು ನಾಲ್ಕು ಲೀಟರ್ ಸೇರಿಸಿಕೊಳ್ಳಿ.

ಏರ್ಕಾಡು

ಹೆಸರಿನಲ್ಲೇ ಕೆರೆ ಇದೆ. ಏರಿ ಮತ್ತು ಕಾಡು ಸೇರಿ ಏರ್ಕಾಡು ಎನ್ನುತ್ತಾರೆ. ಕನ್ನಡದಲ್ಲಿ ಏರಿ ಎಂದರೆ ಕೆರೆಯ ಕಟ್ಟೆ, ತಮಿಳಿನಲ್ಲಿ ಕೆರೆಯೇ ಏರಿ. ಎರಡೂ ಮಾತು ಬಲ್ಲ ನಮ್ಮ ಗಡಿಯವರಿಗೆ ಈ ಹೆಸರು ಕೇಳಿದೊಡನೆ ಚಿತ್ರ ಕಟ್ಟುತ್ತದೆ.

ಕೆರೆ ಚಿಕ್ಕದು, ಊರಿನ ಮಧ್ಯದಲ್ಲೇ ಇದೆ. ಮೇ ತಿಂಗಳಲ್ಲಿ ನೀರು ಇಳಿದು ಅಂಚಿನಲ್ಲಿ ಕೆಸರಿನ ಪಟ್ಟಿ ಕಾಣುತ್ತದೆ, ಆದರೂ ದೋಣಿ ನಿಲ್ಲುವುದಿಲ್ಲ. ಪೆಡಲ್ ದೋಣಿಗೆ ಬೆಳಗ್ಗೆ ಬಾಗಿಲು ತೆರೆದ ಮೊದಲ ಅರ್ಧ ಗಂಟೆಯಲ್ಲಿ ಹೋದರೆ ಸರದಿಯೇ ಇರುವುದಿಲ್ಲ. ಶನಿವಾರ ಹನ್ನೊಂದರ ಮೇಲೆ ಹೋದರೆ ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಲ್ಲಬೇಕು. ಬಂದವರೆಲ್ಲ ಮೊದಲು ಕೋಣೆಗೆ ಸಾಮಾನು ಹಾಕಿ ಆಮೇಲೆ ಕೆರೆಗೆ ಬರುವುದೇ ಇದಕ್ಕೆ ಕಾರಣ. ಕ್ರಮ ತಿರುಗಿಸಿ, ಸಾಮಾನು ಡಿಕ್ಕಿಯಲ್ಲೇ ಇರಲಿ. ಮೊದಲು ದೋಣಿ, ಆಮೇಲೆ ತಿಂಡಿ, ಆಮೇಲೆ ಕೋಣೆ.

ಮಧ್ಯಾಹ್ನಕ್ಕೆ ಶೇರ್ವರಾಯನ್ ಗುಡಿಯ ಗುಡ್ಡ ಒಳ್ಳೆಯದು, ಸುಮಾರು 1,620 ಮೀಟರಿನ ಬಯಲು, ಗಾಳಿ ಬೀಸುತ್ತಲೇ ಇರುತ್ತದೆ. ಸಂಜೆಗೆ ಲೇಡೀಸ್ ಸೀಟ್. ಅಲ್ಲಿಂದ ಸೇಲಂ ದೀಪಗಳು ಕಾಣುತ್ತವೆ. ಕಿಳಿಯೂರು ಜಲಪಾತವನ್ನು ಬೇಸಿಗೆಯ ಪಟ್ಟಿಯಿಂದ ತೆಗೆದುಬಿಡಿ. ಮಳೆ ಬಿದ್ದಿರದಿದ್ದರೆ ಬರಿ ಬಂಡೆ, ಮೇಲಾಗಿ ಇಳಿದು ಹತ್ತುವ ಮೆಟ್ಟಿಲು ವಯಸ್ಸಾದವರ ಮೊಣಕಾಲಿಗೆ ಶಿಕ್ಷೆ. ಕೆರೆಯ ಹತ್ತಿರದ ಅಂಗಡಿಗಳ ಬಿಸಿ ಮೆಣಸಿನಕಾಯಿ ಬಜ್ಜಿಯನ್ನು ಬಿಡಬೇಡಿ. ತೋಟದ ಕಾಫಿಪುಡಿ, ಕಾಳುಮೆಣಸು ಕೊಳ್ಳುವಂಥವು. ಈ ಬೆಟ್ಟಕ್ಕೆ ಕಾಫಿ ಬಂದದ್ದು 1820ರ ದಶಕದಲ್ಲಿ, ಸೇಲಂ ಕಲೆಕ್ಟರ್ ಆಗಿದ್ದ ಕಾಕ್‌ಬರ್ನ್ ಕಾಲದಲ್ಲಿ.

ರಸ್ತೆಯಲ್ಲಿ ಎಚ್ಚರ ಬೇಕಾದದ್ದು ಬೆಟ್ಟಕ್ಕಿಂತ ಮೊದಲೇ. ಧರ್ಮಪುರಿ ದಾಟಿದ ಮೇಲೆ ತೊಪ್ಪೂರು ಇಳಿಜಾರು ಬರುತ್ತದೆ, ಸೇಲಂ ಕಡೆಗೆ ಹೋಗುವಾಗ ಉದ್ದಕ್ಕೆ ಇಳಿತ. ಡೀಸೆಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿಕೊಂಡು ಬರುವ ಭಾರದ ಲಾರಿಗಳ ಬ್ರೇಕು ಇಲ್ಲೇ ಕಾದು ಕೈಕೊಡುವುದು. ಇಳಿಜಾರಿನಲ್ಲಿ ಲಾರಿಯ ಮುಂದೆ ನಿಧಾನವಾಗಿ ಹೋಗಬೇಡಿ, ಎಡಕ್ಕೆ ಸರಿದು ಅದನ್ನು ದಾಟಿ ಹೋಗಲು ಬಿಡಿ. ಸೇಲಂನಲ್ಲಿ ಅಸ್ತಂಪಟ್ಟಿ, ಗೋರಿಮೇಡು ದಾಟಿದರೆ ಅಡಿವಾರ, ಅಂದರೆ ಬೆಟ್ಟದ ಬುಡ, ಅಲ್ಲಿಂದ 20 ಹೇರ್‌ಪಿನ್ ತಿರುವು. ಹೊಸದಾಗಿ ಘಾಟಿ ಓಡಿಸುವವರಿಗೆ ಮೂರರಲ್ಲಿ ಸುಲಭದ ಘಾಟಿ ಇದೇ. ಮುಖ್ಯ ರಸ್ತೆ ಕಿಕ್ಕಿರಿದಿದ್ದರೆ ಕುಪ್ಪನೂರು ಕಡೆಯಿಂದ ಇನ್ನೊಂದು ರಸ್ತೆ ಇದೆ, ಸುತ್ತು ಹೆಚ್ಚು, ವಾಹನ ಕಡಿಮೆ.

ಊಟಿ

ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1824ರಲ್ಲಿ ಹಳ್ಳಗಳಿಗೆ ಕಟ್ಟೆ ಹಾಕಿಸಿ ಮಾಡಿದ ಕೆರೆ ಇದು. ಈಗ ಉಳಿದಿರುವುದು 65 ಎಕರೆ. ಮೊದಲಿದ್ದ ಹರವಿನಲ್ಲಿ ಒಂದು ಪಾಲನ್ನು ಬಸ್ ನಿಲ್ದಾಣ, ರೇಸ್‌ಕೋರ್ಸ್ ತಿಂದುಕೊಂಡಿವೆ. ಪಟ್ಟಣದ ಕೊಳೆನೀರೂ ಸೇರುವುದರಿಂದ ಬೇಸಿಗೆಯಲ್ಲಿ ಕೆಲವು ಮೂಲೆಗಳಲ್ಲಿ ವಾಸನೆ ಬರುತ್ತದೆ. ಕೆರೆಗಾಗಿಯೇ ಹೋಗುವವರಿಗೆ ಈ ಕೆರೆಯನ್ನು ನಾವು ಹೇಳುವುದಿಲ್ಲ. ಅಲ್ಲಿಂದ ಗೂಡಲೂರು ರಸ್ತೆಯಲ್ಲಿ 20 ಕಿಲೋಮೀಟರ್ ಆಚೆ ಪೈಕಾರ ಇದೆ. ನೀರು ತಿಳಿ, ಸುತ್ತ ಶೋಲಾ ಎನ್ನುವ ಬೆಟ್ಟದ ನಿತ್ಯಹಸಿರು ಕಾಡು, ದೋಣಿಯೂ ಉಂಟು. ಊಟಿಗೆ ಹೋದರೆ ಕೆರೆಯ ದಿನವನ್ನು ಪೈಕಾರಕ್ಕೆ ಇಡಿ, ಬೆಳಗ್ಗೆ ಎಂಟಕ್ಕೇ ಪಟ್ಟಣ ಬಿಡಿ.

ಇಲ್ಲಿ ಯೋಜನೆ ಕೆಡುವುದು ರಸ್ತೆಯ ನಿಯಮಗಳಿಂದ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳಬೇಕು. ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ 7ರಿಂದ ನೀಲಗಿರಿ ಮತ್ತು ಕೊಡೈಕನಾಲ್‌ಗೆ ಹೋಗುವ ವಾಹನಗಳಿಗೆ ಇ-ಪಾಸ್, ಅಂದರೆ ಆನ್‌ಲೈನಿನಲ್ಲಿ ಮೊದಲೇ ಪಡೆಯುವ ಅನುಮತಿ ಚೀಟಿ, ಬಂತು. 2025ರ ಬೇಸಿಗೆಯಲ್ಲಿ ಸಂಖ್ಯೆಗೂ ಮಿತಿ ಬಿತ್ತು: ನೀಲಗಿರಿಗೆ ದಿನಕ್ಕೆ 6,000 ವಾಹನ, ವಾರಾಂತ್ಯದಲ್ಲಿ 8,000. ಕೊಡೈಗೆ 4,000 ಮತ್ತು 6,000. ಪಾಸಿಗೆ ದುಡ್ಡಿಲ್ಲ. ಮೊಬೈಲ್ ನಂಬರು, ಗಾಡಿಯ ನಂಬರು, ಹೋಗುವ ಬರುವ ದಿನ, ಎಷ್ಟು ಜನ, ಎಲ್ಲಿ ಉಳಿಯುತ್ತೀರಿ ಎಂಬುದನ್ನು ತುಂಬಿದರೆ ಕ್ಯೂಆರ್ ಕೋಡ್ ಬರುತ್ತದೆ. ಎಡವುವುದು ಎರಡು ಕಡೆ. ಬಾಡಿಗೆ ಕಾರಿನವರು ಕೊನೆ ಗಳಿಗೆಯಲ್ಲಿ ಬೇರೆ ಗಾಡಿ ಕಳಿಸುತ್ತಾರೆ, ನಂಬರು ಹೊಂದುವುದಿಲ್ಲ. ಅಥವಾ ಪಾಸು ಫೋನಿನಲ್ಲಿ ಇರುತ್ತದೆ, ಚೆಕ್‌ಪೋಸ್ಟಿನಲ್ಲಿ ಸಿಗ್ನಲ್ ಇರುವುದಿಲ್ಲ. ಸ್ಕ್ರೀನ್‌ಶಾಟ್ ಸಾಲದು, ಒಂದು ಕಾಗದದ ಪ್ರತಿ ತೆಗೆದಿಟ್ಟುಕೊಳ್ಳಿ. ಹೋಟೆಲು ಕಾದಿರಿಸುವ ಮೊದಲೇ ಆ ದಿನಕ್ಕೆ ಪಾಸು ಸಿಗುತ್ತದೆಯೇ ನೋಡಿ. ಇದನ್ನು ತಿರುಗಾಮುರುಗಾ ಮಾಡಿದವರು ಮುಂಗಡ ಕಳೆದುಕೊಳ್ಳುತ್ತಾರೆ. ಸರ್ಕಾರಿ ಬಸ್ಸಿನಲ್ಲಿ ಹೋಗುವವರಿಗೆ ಪಾಸಿನ ಗೊಡವೆಯೇ ಇಲ್ಲ.

ಬಂಡೀಪುರದ ಗೇಟು ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಮುಚ್ಚಿರುತ್ತದೆ. ಹೊಸೂರು ಬಿಡುವುದು ನಾಲ್ಕಕ್ಕಾದರೆ ಗುಂಡ್ಲುಪೇಟೆಯಲ್ಲಿ ತಿಂಡಿ ತಿಂದು ಎಂಟೂವರೆಗೆ ಕಾಡು ಹೊಗುವುದು ಸರಿಯಾಗುತ್ತದೆ. ಕೆಕ್ಕನಹಳ್ಳದ ಚೆಕ್‌ಪೋಸ್ಟಿನಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿ, ಕವರುಗಳನ್ನು ತೆಗೆಸುತ್ತಾರೆ. ಸ್ಟೀಲ್ ಬಾಟಲಿ, ಬಟ್ಟೆಚೀಲ, ಡಬ್ಬಿ ಇದ್ದರೆ ಚಿಂತೆ ಇಲ್ಲ. ಮಸಿನಗುಡಿಯಿಂದ ಮೇಲೆ ಕಲ್ಹಟ್ಟಿ ಘಾಟಿ, 36 ಹೇರ್‌ಪಿನ್. ಹತ್ತಲು ಬಿಡುತ್ತಾರೆ, ಇಳಿಯಲು ಹೊರಗಿನ ವಾಹನಗಳಿಗೆ ಬಿಡುವುದಿಲ್ಲ. ಬ್ರೇಕು ಕಾದು ಆದ ಅನಾಹುತಗಳೇ ಕಾರಣ. ಮರಳುವಾಗ ಗೂಡಲೂರು ಸುತ್ತಿ ಬರಬೇಕು, ಒಂದು ಗಂಟೆ ಹೆಚ್ಚು ಇಟ್ಟುಕೊಳ್ಳಿ.

ಮೆಟ್ಟುಪಾಳಯದಿಂದ ಊಟಿಗೆ ಹತ್ತುವ ಪುಟಾಣಿ ರೈಲಿನ ಆಸೆ ಮಕ್ಕಳಿಗೆ ಇದ್ದೇ ಇರುತ್ತದೆ. 46 ಕಿಲೋಮೀಟರ್, 16 ಸುರಂಗ, ಹತ್ತಲು ಐದು ಗಂಟೆಯ ಹತ್ತಿರ. ಅದು ಮೂರು ರಾತ್ರಿಯ ಪ್ರವಾಸಕ್ಕೆ ಹೊಂದುವಂಥದು. ಮೇ ತಿಂಗಳ ಸೀಟು ಬುಕಿಂಗ್ ತೆರೆದ ದಿನವೇ ತುಂಬುತ್ತದೆ.

ಊಟಿಯಲ್ಲಿ ನಮ್ಮವರಿಗೆ ಇನ್ನೊಂದು ಸುಖವಿದೆ. ನೀಲಗಿರಿಯ ಬಡಗ ಜನರ ಮಾತು ಕನ್ನಡಕ್ಕೆ ತೀರ ಹತ್ತಿರ. ಸಂತೆಯಲ್ಲಿ ಕ್ಯಾರೆಟ್ ಕೊಳ್ಳುವಾಗ ಕಿವಿಗೊಟ್ಟು ಕೇಳಿ, ಅರ್ಧಕ್ಕರ್ಧ ತಿಳಿಯುತ್ತದೆ.

ಕೊಡೈಕನಾಲ್

ಕೆರೆಯೊಂದನ್ನೇ ತೂಗಿದರೆ ಕೊಡೈ ಮೊದಲನೆಯದು, ಇದರಲ್ಲಿ ನಮಗೆ ಎರಡನೆಯ ಮಾತಿಲ್ಲ. 1863ರಲ್ಲಿ ಮದುರೆಯ ಕಲೆಕ್ಟರ್ ಆಗಿದ್ದ ವೇರ್ ಹೆನ್ರಿ ಲೆವಿಂಜ್ ಕಟ್ಟಿಸಿದ 60 ಎಕರೆಯ, ನಕ್ಷತ್ರದಂತೆ ಕೈ ಚಾಚಿದ ಕೆರೆ. ಸುತ್ತ ಐದು ಕಿಲೋಮೀಟರ್ ರಸ್ತೆ, ಹೆಚ್ಚು ಏರಿಳಿತವಿಲ್ಲ. ಅಜ್ಜಿಯೂ ಮೊಮ್ಮಗಳೂ ಕೂಡಿ ನಡೆಯಬಹುದಾದ ದಾರಿ ಮೂರು ಊರಲ್ಲಿ ಇದೊಂದೇ. ನಿಧಾನಕ್ಕೆ ಒಂದೂಕಾಲು ಗಂಟೆ. ಬೆಳಗ್ಗೆ ಆರೂವರೆಯಿಂದ ಎಂಟರ ತನಕ ಗಾಳಿ ಏಳುವುದಿಲ್ಲ, ನೀರು ಕನ್ನಡಿಯ ಹಾಗೆ ನಿಂತಿರುತ್ತದೆ, ಗಾಡಿಗಳೂ ಇಲ್ಲ. ಹತ್ತರ ಮೇಲೆ ಅದೇ ರಸ್ತೆಯಲ್ಲಿ ಕುದುರೆ, ಸೈಕಲ್, ಕಾರು ಎಲ್ಲ ಒಟ್ಟಿಗೆ. ಸೈಕಲ್ ಬಾಡಿಗೆಗೆ ತೆಗೆಯುವ ಮೊದಲು ಎರಡೂ ಬ್ರೇಕು ಹಿಡಿದು ಮುಂದಕ್ಕೆ ದಬ್ಬಿ ನೋಡಿ. ಚಕ್ರ ಉರುಳಿದರೆ ಬೇರೆ ಸೈಕಲ್ ಕೇಳಿ.

ಮೇ ತಿಂಗಳಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಮಂಜು ಅಥವಾ ಗುಡುಗುಮಳೆ ಬರುವುದು ಸಾಮಾನ್ಯ. ಕೋಕರ್ಸ್ ವಾಕ್, ಪಿಲ್ಲರ್ ರಾಕ್ಸ್ ಎಂಬ ನೋಟದ ಜಾಗಗಳನ್ನು ಬೆಳಗ್ಗೆಯೇ ಮುಗಿಸಿ. ಮಂಜು ಕವಿದ ಮೇಲೆ ಅಲ್ಲಿ ಬಿಳಿ ಗೋಡೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಕಾಡಿನ ಒಳಗಿರುವ ಬೇರಿಜಂ ಕೆರೆಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಬಿಡುವ ವಾಹನಗಳು ಕೆಲವೇ, ದೋಣಿ ಇಲ್ಲ. ಮೌನ ಬೇಕಾದವರಿಗೆ ಅದು.

ಕೊಡೈಯ ಕಷ್ಟ ದೂರ. ಒಬ್ಬರೇ ಓಡಿಸುವುದಾದರೆ ಒಂದೇ ದಿನದಲ್ಲಿ ಹೋಗಬೇಡಿ. ಎಂಟು ಗಂಟೆ ಓಡಿಸಿ ದಣಿದ ಮೇಲೆ ಘಾಟಿ ಎದುರಾಗುತ್ತದೆ. ನಾಗರಕೋವಿಲ್ ಕಡೆಯ ರಾತ್ರಿ ರೈಲು ಹೊಸೂರು ಮೇಲೆಯೇ ಹೋಗುತ್ತದೆ. ದಿಂಡಿಗಲ್‌ನಲ್ಲಿ ಇಳಿದು ಬೆಳಗಿನ ಬಸ್ಸು ಹಿಡಿದರೆ 95 ಕಿಲೋಮೀಟರ್, ಮೂರೂವರೆ ಗಂಟೆ. ಕಾರಿಗಿಂತ ಇದನ್ನೇ ನಾವು ಹೇಳುತ್ತೇವೆ: ಕೆರೆಯ ಸುತ್ತ ಓಡಾಡಲು ಕಾರು ಬೇಕಿಲ್ಲ, ಇ-ಪಾಸೂ ಬೇಕಿಲ್ಲ. ಬರುವಾಗ ಮಲೈಪೂಂಡು ಎನ್ನುವ ಬೆಟ್ಟದ ಬೆಳ್ಳುಳ್ಳಿ ತನ್ನಿ, ಎಸಳು ಚಿಕ್ಕದು, ಖಾರ ಗಟ್ಟಿ.

ಘಾಟಿಯ ಮಾತು

ಮೂರೂ ಕಡೆಗೆ ಅನ್ವಯಿಸುವುದು ಇದು. ಹತ್ತಿದ ಗೇರಿನಲ್ಲೇ ಇಳಿಯಿರಿ. ಬ್ರೇಕನ್ನು ಒತ್ತಿಕೊಂಡೇ ಇಳಿದರೆ ಪ್ಯಾಡು ಕಾಯುತ್ತದೆ, ಹಳೆಯ ಬ್ರೇಕ್ ಆಯಿಲ್ ತೇವ ಹೀರಿಕೊಂಡಿರುತ್ತದೆ, ಆ ತೇವ ಆವಿಯಾಗಿ ಪೆಡಲ್ ಮೆತ್ತಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕೆನ್ನುವುದು ಇದಕ್ಕೇ. ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ಅರ್ಧ ಗಂಟೆ ನಿಲ್ಲಿಸಿ, ನೀರು ಮಾತ್ರ ಸುರಿಯಬೇಡಿ, ಡಿಸ್ಕು ಸೊಟ್ಟಗಾಗುತ್ತದೆ. ಗೇರಿಲ್ಲದ ಸ್ಕೂಟರಿನಲ್ಲಿ ಇಂಜಿನ್ನಿನ ಹಿಡಿತ ಕಡಿಮೆ, ಅದರಲ್ಲಿ ಏರ್ಕಾಡಿಗೂ ಬೇಡ. ತಿರುವಿನಲ್ಲಿ ಹತ್ತುವವರಿಗೆ ದಾರಿ ಮೊದಲು. ಇಂಜಿನ್ನಿನ ಬಿಸಿ ತೋರಿಸುವ ಸೂಜಿ ಮೇಲೇರಿದರೆ ಎಸಿ ಆರಿಸಿ.

ವಾಂತಿ ಬರುವ ಮಕ್ಕಳಿಗೆ ಹಾಲು, ಪೂರಿ ಕೊಟ್ಟು ಕರೆದೊಯ್ಯಬೇಡಿ. ಘಾಟಿಗೆ ಒಂದೂವರೆ ಗಂಟೆ ಮೊದಲು ಎರಡು ಇಡ್ಲಿ ಸಾಕು. ಮುಂದೆ ಕೂರಿಸಲಾಗದಷ್ಟು ಚಿಕ್ಕವರಾದರೆ ಹಿಂದಿನ ಸೀಟಿನ ಮಧ್ಯದಲ್ಲಿ ಕೂರಿಸಿ ದೂರದ ಗುಡ್ಡ ತೋರಿಸುತ್ತಿರಿ. ಮೊಬೈಲ್ ನೋಡಿದ ಕೂಡಲೇ ಹೊಟ್ಟೆ ತೊಳಸುತ್ತದೆ. ಮಾತ್ರೆ ಕೊಡುವುದಾದರೆ ವೈದ್ಯರನ್ನು ಕೇಳಿ ಕೊಡಿ.

ಎರಡು ದಿನ ಇದ್ದರೆ ಏರ್ಕಾಡು, ಮೂರಿದ್ದರೆ ಊಟಿಯ ಹೆಸರಲ್ಲಿ ಪೈಕಾರ, ನಾಲ್ಕಿದ್ದರೆ ಕಣ್ಣುಮುಚ್ಚಿ ಕೊಡೈ. ತಾಳವಾಡಿ ಕಡೆಯ ಕನ್ನಡದವರಿಗೆ ಈ ಲೆಕ್ಕ ಹೊಂದುವುದಿಲ್ಲ. ಚಾಮರಾಜನಗರ, ಗುಂಡ್ಲುಪೇಟೆ ಮೇಲೆ ಅವರಿಗೆ ಊಟಿ ಮೂರೂವರೆ ಗಂಟೆಯ ದಾರಿ. ಬೆಳಗ್ಗೆ ಏಳಕ್ಕೆ ಹೊರಟರೂ ಹನ್ನೊಂದರ ಒಳಗೆ ಮೇಲಿರುತ್ತಾರೆ, ಎರಡೇ ದಿನ ಇದ್ದರೂ ಅವರು ಪೈಕಾರವನ್ನೇ ಇಟ್ಟುಕೊಳ್ಳಲಿ.