ಪರ್ಸುವೇಷನ್ ಮ್ಯಾಪ್: ಖಾನೆ ಹದಿಮೂರು, ಪೂರ್ವಪಕ್ಷಕ್ಕೆ ಒಂದೂ ಇಲ್ಲ

ಪ್ರಬಂಧ ಎಂದ ಕೂಡಲೇ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಮೂರು ತಲೆಬರಹ ಬರೆದು ಅಡಿಗೆರೆ ಎಳೆಯುವುದು ನಮ್ಮ ಪ್ರೌಢಶಾಲೆಯ ಮಕ್ಕಳಿಗೆ ಕೈಗೆ ಕೂತ ಅಭ್ಯಾಸ. ಗ್ರಂಥಾಲಯದ ಮಹತ್ವವನ್ನೋ ರಾಷ್ಟ್ರೀಯ ಹಬ್ಬಗಳನ್ನೋ ವಿವರಿಸಲು ಅಷ್ಟು ಸಾಕು. ಓದುವವರನ್ನು ಒಪ್ಪಿಸಬೇಕಾದ ಪ್ರಬಂಧಕ್ಕೆ ಸಾಲದು, ಏಕೆಂದರೆ 'ವಿಷಯ ವಿವರಣೆ' ಎಂಬ ದೊಡ್ಡ ಹೊಟ್ಟೆಯೊಳಗೆ ಏನು ತುಂಬಬೇಕು, ಯಾವ ಕ್ರಮದಲ್ಲಿ ತುಂಬಬೇಕು ಎಂದು ಅದು ಹೇಳುವುದೇ ಇಲ್ಲ. ಈ ಕೊರತೆ ನೀಗಲು ಉಚಿತವಾಗಿ ಸಿಗುವ ಸಲಕರಣೆಗಳಲ್ಲಿ ಒಂದು, ಅಮೆರಿಕದ ಇಂಗ್ಲಿಷ್ ಶಿಕ್ಷಕರ ಮಂಡಳಿ ಎನ್‌ಸಿಟಿಇ ನಡೆಸುವ ರೀಡ್‌ರೈಟ್‌ಥಿಂಕ್ ತಾಣದ 'ಪರ್ಸುವೇಷನ್ ಮ್ಯಾಪ್', ಅಂದರೆ ವಾದವನ್ನು ಖಾನೆಗಳಲ್ಲಿ ಜೋಡಿಸಿಕೊಳ್ಳುವ ನಕ್ಷೆ.

ಇದರ ರಚನೆ ಸರಳ. ಮೊದಲು ಒಂದು ವಾದ. ಅದಕ್ಕೆ ಮೂರು ಕಾರಣ. ಪ್ರತಿ ಕಾರಣಕ್ಕೂ ಮೂರು ಸಂಗತಿ ಅಥವಾ ಉದಾಹರಣೆ. ಒಂದು, ಮೂರು, ಒಂಬತ್ತು ಸೇರಿ ಹದಿಮೂರು ಖಾನೆ. ಅಮೆರಿಕದ ಶಾಲೆಗಳಲ್ಲಿ ರೂಢಿಯಾಗಿರುವ ಐದು ಪ್ಯಾರಾ ಪ್ರಬಂಧದ (ಪೀಠಿಕೆ, ಕಾರಣಕ್ಕೊಂದರಂತೆ ಮೂರು ಪ್ಯಾರಾ, ಉಪಸಂಹಾರ) ಎಲುಬುಗೂಡು ಇದೇ. ಕಂಪ್ಯೂಟರ್ ಇಲ್ಲದವರು ಮುದ್ರಿಸಿಕೊಂಡು ತುಂಬಬಹುದಾದ ಹಾಳೆಯೂ ತಾಣದಲ್ಲಿದೆ. ಮೂರನೇ ತರಗತಿಯಿಂದ ಹನ್ನೆರಡನೆಯವರೆಗೆ ಎಲ್ಲರಿಗೂ ಆಗುತ್ತದೆ ಎಂಬುದು ಅವರ ಮಾತು. ಕೆಳಗಿನ ತರಗತಿಗಳಿಗೆ ಒಪ್ಪಬಹುದು, ಮೇಲಿನವುಗಳಿಗೆ ತಕರಾರಿದೆ.

ಒಳ್ಳೆಯದನ್ನು ಮೊದಲು ಹೇಳಿಬಿಡೋಣ. 'ಶಾಲಾ ಬ್ಯಾಗಿನ ಹೊರೆ' ಎಂಬ ವಿಷಯ ಕೊಟ್ಟರೆ ಹೆಚ್ಚಿನ ಮಕ್ಕಳು ವಾದದ ಖಾನೆಯಲ್ಲಿ ಅದೇ ಮೂರು ಪದಗಳನ್ನು ಬರೆದಿಡುತ್ತಾರೆ. ಅದು ವಿಷಯವಾಯಿತೇ ಹೊರತು ವಾದವಾಗಲಿಲ್ಲ. ಯಾರು, ಏನು ಮಾಡಬೇಕು ಎಂಬುದು ಪೂರ್ಣ ವಾಕ್ಯದಲ್ಲಿ ಬರಬೇಕು: 'ನಮ್ಮ ಶಾಲೆಯವರು ಒಂಬತ್ತನೇ ತರಗತಿಯ ಕೋಣೆಯಲ್ಲಿ ಪುಸ್ತಕ ಇಡಲು ಬೀರು ಕೊಡಬೇಕು.' ಪರೀಕ್ಷಿಸುವ ಬಗೆ ಸುಲಭ. ಎದುರಿಗಿರುವವರು 'ಬೇಡ' ಎನ್ನಲು ಸಾಧ್ಯವಿದ್ದರೆ ಅದು ವಾದ. ಬ್ಯಾಗಿನ ಹೊರೆಗೆ 'ಬೇಡ' ಎನ್ನುವುದು ಹೇಗೆ? ಉಳಿದ ಹನ್ನೆರಡು ಖಾನೆಗಳೂ ಈ ವಾಕ್ಯಕ್ಕೇ ತಗುಲಿಕೊಂಡಿರುವುದರಿಂದ ಇಲ್ಲಿ ಎಡವಿದ್ದು ಬೇಗ ಕಣ್ಣಿಗೆ ಬೀಳುತ್ತದೆ.

ಕಾರಣಗಳನ್ನು ಅಕ್ಕಪಕ್ಕದ ಖಾನೆಗಳಲ್ಲಿ ಬರೆಸುವುದು ಇದರ ದೊಡ್ಡ ಲಾಭ. 'ಬೆನ್ನು ನೋಯುತ್ತದೆ', 'ಭುಜ ನೋಯುತ್ತದೆ', 'ಆರೋಗ್ಯ ಕೆಡುತ್ತದೆ' ಎಂದು ಪ್ಯಾರಾಗಳಲ್ಲಿ ಹರಡಿದರೆ ಮೂರು ಕಾರಣಗಳಂತೆ ಕಾಣುತ್ತವೆ; ಖಾನೆಗಳಲ್ಲಿಟ್ಟರೆ ಒಂದೇ ಕಾರಣ ಮೂರು ಅಂಗಿ ತೊಟ್ಟಿದೆ ಎಂದು ಗೊತ್ತಾಗಿಬಿಡುತ್ತದೆ. ವಾದಕ್ಕೂ ಕಾರಣಕ್ಕೂ ನಡುವೆ 'ಏಕೆಂದರೆ' ಹಾಕಿ ಗಟ್ಟಿಯಾಗಿ ಓದಿಸಿ. ಆಮೇಲೆ ಒಂದು ಕಾರಣವನ್ನು ಬೆರಳಲ್ಲಿ ಮುಚ್ಚಿ, ಉಳಿದವು ತಮ್ಮ ಕಾಲ ಮೇಲೆ ನಿಲ್ಲುತ್ತವೆಯೇ ನೋಡಿ. ಬೀರುವಿನ ವಾದಕ್ಕೆ ದೇಹಕ್ಕಾಗುವ ತೊಂದರೆ ಒಂದು ಕಾರಣ, ಬ್ಯಾಗಿನ ತೂಕಕ್ಕೆ ಶಿಕ್ಷಣ ಇಲಾಖೆ ಹಾಕಿರುವ ಮಿತಿ ಇನ್ನೊಂದು, ಪುಸ್ತಕ ಮಳೆಯಲ್ಲಿ ನೆನೆದು ಹರಿಯುವುದು ಮತ್ತೊಂದು. ಈ ಮೂರೂ ಬೇರೆ ಬೇರೆ.

ತೊಡಕು ಶುರುವಾಗುವುದು ಒಂಬತ್ತು ಆಧಾರಗಳಲ್ಲಿ. ಖಾನೆ ಖಾಲಿ ಬಿಡಬಾರದೆಂಬ ಹಟಕ್ಕೆ ಮಕ್ಕಳು 'ಎಲ್ಲರಿಗೂ ತಿಳಿದಿರುವಂತೆ', 'ವಿಜ್ಞಾನಿಗಳು ಹೇಳುವಂತೆ' ಎಂದು ಗಾಳಿ ತುಂಬುತ್ತಾರೆ. ಕಾರಣವನ್ನೇ ಬೇರೆ ಮಾತಿನಲ್ಲಿ ಮತ್ತೆ ಬರೆಯುವುದೂ ಉಂಟು. ಎಣಿಸಲು, ಅಳೆಯಲು ಅಥವಾ ತೋರಿಸಲು ಬರುವಂಥದ್ದಕ್ಕೆ ಮಾತ್ರ ಆಧಾರ ಎನ್ನಬೇಕು. ಕರ್ನಾಟಕದ ಶಿಕ್ಷಣ ಇಲಾಖೆ 2019ರ ಸುತ್ತೋಲೆಯಲ್ಲಿ 9 ಮತ್ತು 10ನೇ ತರಗತಿಯ ಬ್ಯಾಗಿಗೆ 4ರಿಂದ 5 ಕೆ.ಜಿ. ಎಂದು ಮಿತಿ ಹಾಕಿದೆ. ಇದು ತೋರಿಸಬಹುದಾದ ಆಧಾರ. ತರಗತಿಯ ಹತ್ತು ಬ್ಯಾಗುಗಳ ತೂಕ ಅಳೆಯಬಹುದಾದ ಆಧಾರ: ತೂಕದ ಯಂತ್ರದ ಮೇಲೆ ಬ್ಯಾಗ್ ಹೊತ್ತು ಒಮ್ಮೆ, ಇಳಿಸಿ ಒಮ್ಮೆ ನಿಂತು ಕಳೆದರೆ ಲೆಕ್ಕ ಸಿಕ್ಕಿತು. ಒಂದೇ ದಿನ ತೂಗಿದರೆ ಮೋಸವಾಗುತ್ತದೆ. ವೇಳಾಪಟ್ಟಿ ಬದಲಾದಂತೆ ತೂಕವೂ ಬದಲಾಗುವುದರಿಂದ ಸೋಮವಾರದಿಂದ ಶುಕ್ರವಾರದವರೆಗೆ ತೂಗಿ ಸರಾಸರಿ ತೆಗೆಯಬೇಕು. ಇಂಥ ನಾಲ್ಕೈದು ಆಧಾರಗಳಿದ್ದರೆ 250 ಪದದ ಪ್ರಬಂಧಕ್ಕೆ ಧಾರಾಳವಾಯಿತು. ಒಂಬತ್ತನ್ನೂ ತುರುಕಿದರೆ ಅದು ಪ್ರಬಂಧವಾಗದೆ ದಿನಸಿ ಚೀಟಿಯಾಗುತ್ತದೆ.

ಇನ್ನು ಮುಖ್ಯ ತಕರಾರು. ಎದುರು ಪಕ್ಷದವರ ಮಾತಿಗೆ ಈ ನಕ್ಷೆಯಲ್ಲಿ ಒಂದು ಖಾನೆಯೂ ಇಲ್ಲ. 2010ರಲ್ಲಿ ಬಂದ ಯಾವ ತರಗತಿಯಲ್ಲಿ ಏನು ಕಲಿತಿರಬೇಕೆಂದು ಹೇಳುವ ಅಮೆರಿಕದ ಕಾಮನ್ ಕೋರ್ ಮಾನದಂಡಗಳೇ ಏಳನೇ ತರಗತಿಯಿಂದ ವಿರುದ್ಧ ವಾದವನ್ನು ಗುರುತಿಸಿ ಬರೆಯಬೇಕೆನ್ನುತ್ತವೆ. ಹಾಗಿರುವಾಗ ಹನ್ನೆರಡರವರೆಗೂ ಹೊಂದುತ್ತದೆ ಎನ್ನುವ ಸಲಕರಣೆಯಲ್ಲಿ ಇದು ಸಣ್ಣ ಲೋಪವಲ್ಲ. ನಮ್ಮವರಿಗಂತೂ ಇದು ಹೊಸದೂ ಅಲ್ಲ: ಮೊದಲು ಪೂರ್ವಪಕ್ಷ (ಎದುರಾಳಿಯ ಮಾತು), ಅದಕ್ಕೆ ಉತ್ತರ, ಆಮೇಲೆ ಸಿದ್ಧಾಂತ (ನಮ್ಮ ತೀರ್ಮಾನ) ಎಂಬುದು ಶಾಸ್ತ್ರಚರ್ಚೆಯ ಹಳೆಯ ದಾರಿ. ಪ್ರತಿಭಾ ಕಾರಂಜಿಯ ಚರ್ಚಾಸ್ಪರ್ಧೆಯಲ್ಲಿ ಪರ-ವಿರೋಧವಾಗಿ ಮಾತಾಡಿದ ಮಕ್ಕಳಿಗೆ ಎದುರಾಳಿ ಏನೆನ್ನಬಹುದು ಎಂಬ ಅಂದಾಜು ಇದ್ದೇ ಇರುತ್ತದೆ. ಅದನ್ನು ಕಾಗದಕ್ಕಿಳಿಸಲು ಜಾಗ ಬೇಕು, ಅಷ್ಟೆ.

ಆದ್ದರಿಂದ ಇದನ್ನು ಹಾಗೆಯೇ ಬಳಸುವ ಬದಲು ಎ4 ಹಾಳೆಯನ್ನು ಅಡ್ಡ ಹಿಡಿದು ತಿದ್ದಿಕೊಳ್ಳುವುದು ಲೇಸು. ಮೇಲ್ತುದಿಯಲ್ಲಿ 'ಓದುವವರು ಯಾರು?' ಎಂಬ ಸಾಲು. ಮೂಲದಲ್ಲಿ ಇದಕ್ಕೂ ಜಾಗವಿಲ್ಲ. ಮುಖ್ಯೋಪಾಧ್ಯಾಯರಿಗೆ ಬರೆದರೆ ಅವರ ಚಿಂತೆ ಬೀರುವಿನ ಖರ್ಚು, ಪೋಷಕರಿಗೆ ಬರೆದರೆ ಮನೆಯ ಓದು. ಅದರ ಕೆಳಗೆ ವಾದ, ಆಮೇಲೆ ಕಾರಣಕ್ಕೆ ಮೂರು ಕಂಬಸಾಲು, ಪ್ರತಿಯೊಂದರಡಿ ಎರಡೇ ಆಧಾರ. ನಾಲ್ಕನೆಯ ಕಂಬಸಾಲು ಪೂರ್ವಪಕ್ಷಕ್ಕೆ, ಅದರಡಿ ಉತ್ತರ.

ಪೂರ್ವಪಕ್ಷ ಬರೆಸುವಾಗ ಒಂದು ಎಚ್ಚರ ಬೇಕು. ಮಕ್ಕಳು ಸುಲಭವಾಗಿ ಬೀಳಿಸಬಹುದಾದ ಬೆದರುಬೊಂಬೆಯನ್ನು ನಿಲ್ಲಿಸಿಕೊಳ್ಳುತ್ತಾರೆ: 'ಬ್ಯಾಗ್ ಭಾರವೇ ಇಲ್ಲ ಎಂದು ಕೆಲವರು ಹೇಳುತ್ತಾರೆ.' ಹಾಗೆ ಹೇಳುವವರು ಯಾರೂ ಇಲ್ಲ. ನಿಜವಾಗಿ ಬರುವ ಆಕ್ಷೇಪವನ್ನೇ ಎತ್ತಿಕೊಂಡು, ಅದರಲ್ಲಿರುವ ನ್ಯಾಯವನ್ನು ಒಪ್ಪಿ, ಆಮೇಲೆ ತಮ್ಮ ಬೇಡಿಕೆಯ ಎಲ್ಲೆ ತೋರಿಸಬೇಕು. ಮಾದರಿಗೆ: 'ಪುಸ್ತಕ ಶಾಲೆಯಲ್ಲೇ ಉಳಿದರೆ ಮನೆಯಲ್ಲಿ ಓದುವುದು ಹೇಗೆ ಎಂದು ಪೋಷಕರು ಕೇಳುವುದು ಸರಿಯೇ. ಆದರೆ ಬೀರುವಿನಲ್ಲಿಡಲು ಕೇಳುತ್ತಿರುವುದು ಆ ದಿನ ಹೋಂವರ್ಕ್ ಇಲ್ಲದ ವಿಷಯಗಳ ಪುಸ್ತಕಗಳನ್ನು ಮಾತ್ರ.' ಈ ಪ್ಯಾರಾ ಕೊನೆಯ ಕಾರಣಕ್ಕಿಂತ ಮುಂಚೆ ಬಂದರೆ ಚೆನ್ನ, ಉತ್ತರ ಕೊಟ್ಟ ಮೇಲೂ ಕೈಯಲ್ಲಿ ಒಂದು ಗಟ್ಟಿ ಮಾತು ಉಳಿದಿರುತ್ತದೆ. ಕಾರಣಗಳ ಕ್ರಮವೂ ಅದೇ ಲೆಕ್ಕದ್ದು: ಎರಡನೇ ಗಟ್ಟಿ ಕಾರಣ ಮೊದಲು, ಸಪ್ಪೆಯದು ನಡುವೆ, ಅತಿ ಗಟ್ಟಿಯದು ಕೊನೆಗೆ. ನಕ್ಷೆ ಈ ಬಗ್ಗೆ ಏನೂ ಹೇಳದ ಕಾರಣ ಮಕ್ಕಳು ಹೊಳೆದ ಕ್ರಮದಲ್ಲೇ ಬರೆದುಬಿಡುತ್ತಾರೆ.

ಖಾನೆಯಿಂದ ವಾಕ್ಯಕ್ಕೆ ದಾಟುವಾಗ ಇನ್ನೊಂದು ತಪ್ಪು ಕಾಣುತ್ತದೆ. ಖಾನೆಯಲ್ಲಿದ್ದ ತುಂಡುಗಳನ್ನು 'ಮತ್ತು' ಹಾಕಿ ಪೋಣಿಸುತ್ತಾ ಹೋಗುವುದು. ಕನ್ನಡದಲ್ಲಿ 'ಬೆನ್ನೂ ಭುಜವೂ' ಎಂದರೆ ಮುಗಿಯಿತು. ವಾಕ್ಯಗಳ ನಡುವೆ 'ಹಾಗಾಗಿ', 'ಆದರೂ', 'ಅಷ್ಟೇ ಅಲ್ಲ' ಬೇಕು. ಆಧಾರ ಹೇಳಿದ ಮೇಲೆ ಅದರಿಂದ ಏನು ಸಿದ್ಧವಾಯಿತು ಎಂಬ ಒಂದು ವಾಕ್ಯ ಬರಲೇಬೇಕು. ಈ ಸೇತುವೆ ವಾಕ್ಯಕ್ಕೂ ನಕ್ಷೆಯಲ್ಲಿ ಜಾಗವಿಲ್ಲ, ಆಧಾರದ ಪಕ್ಕದಲ್ಲಿ ಬಾಣ ಹಾಕಿ ಬರೆಸಿ. ಉಪಸಂಹಾರದಲ್ಲಿ ಗಾದೆ ಬೇಡ. ಯಾರು, ಯಾವಾಗಿನಿಂದ, ಏನು ಮಾಡಬೇಕು ಎಂದು ಎರಡು ವಾಕ್ಯ ಸಾಕು.

40 ನಿಮಿಷದ ಪೀರಿಯಡ್‌ನಲ್ಲಿ ನಕ್ಷೆಗೆ 12, ಬರವಣಿಗೆಗೆ 23, ಉಳಿದ 5 ಓದಿ ತಿದ್ದಲು. ಪರೀಕ್ಷೆಯಲ್ಲಿ ಅಷ್ಟು ವ್ಯವಧಾನ ಇರುವುದಿಲ್ಲ. ಎರಡು ಕಾರಣ, ಕಾರಣಕ್ಕೊಂದು ಆಧಾರ, ಒಂದು ಪೂರ್ವಪಕ್ಷ ಎಂದು ಕೊನೆಯ ಪುಟದಲ್ಲಿ ಗೀಚಿಕೊಳ್ಳಲು 3 ನಿಮಿಷ ಕೊಡಬಹುದು.

ತಾಣದ ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿವೆ. ಇಂಗ್ಲಿಷ್ ಮಾಧ್ಯಮದ ಆರನೇ ತರಗತಿಯವರೆಗೆ ಮೂಲವನ್ನೇ ಕೊಡಿ, ಕೆಲಸವಾಗುತ್ತದೆ. ಎಂಟರಿಂದ ಹತ್ತರ ಕನ್ನಡ ಮಾಧ್ಯಮದ ಮಕ್ಕಳಿಗೆ ಕರಿಹಲಗೆಯ ಮೇಲೆ ವಾದ, ಕಾರಣ, ಆಧಾರ, ಪೂರ್ವಪಕ್ಷ, ಉತ್ತರ ಎಂದು ಐದು ಹೆಸರು ಬರೆದು, ನಾಲ್ಕು ಕಂಬಸಾಲಿನ ನಕ್ಷೆಯನ್ನು ನೋಟ್‌ಬುಕ್ಕಿನ ಎಡಪುಟದಲ್ಲಿ ಬಿಡಿಸಿ ಬಲಪುಟದಲ್ಲಿ ಪ್ರಬಂಧ ಬರೆಯಲು ಹೇಳಿ. ಎರಡೂ ಒಟ್ಟಿಗೆ ಕಣ್ಣೆದುರಿಗಿದ್ದರೆ, ಪ್ರಬಂಧಕ್ಕೆ ಬಾರದೆ ಉಳಿದ ಆಧಾರ ಯಾವುದು, ಆಧಾರವಿಲ್ಲದೆ ನುಸುಳಿದ ಮಾತು ಯಾವುದು ಎಂಬುದನ್ನು ತಿದ್ದುವವರು ಕೆಂಪು ಪೆನ್ನಿನಲ್ಲಿ ಗೆರೆ ಎಳೆದೇ ತೋರಿಸಬಹುದು.