ಗ್ರಾಫಿಕ್ಸ್ ಕಾರ್ಡೋ, ಪ್ರೊಸೆಸರೋ? ರೈಜೆನ್ 7 5800ಎಕ್ಸ್3ಡಿ ವಿಮರ್ಶೆ

ಹಳೇ ಕಂಪ್ಯೂಟರಿನಲ್ಲಿ ಆಟ ಚುರುಕಾಗಬೇಕಾದರೆ ಹಣ ಹಾಕಬೇಕಾದ್ದು ಗ್ರಾಫಿಕ್ಸ್ ಕಾರ್ಡಿಗೋ, ಪ್ರೊಸೆಸರಿಗೋ? ಎಎಂಡಿಯ ಎಎಂ4 ಸಾಕೆಟ್‌ನ ಮದರ್‌ಬೋರ್ಡಿನಲ್ಲಿ ರೈಜೆನ್ 5 3600 ಪ್ರೊಸೆಸರ್ ಇಟ್ಟುಕೊಂಡು ಆಡುವವರಿಗೆ ಬೋರ್ಡು, ರ‍್ಯಾಮ್ ಎರಡನ್ನೂ ಉಳಿಸಿಕೊಂಡೇ ಹಾಕಬಹುದಾದ ಚಿಪ್ ರೈಜೆನ್ 7 5800ಎಕ್ಸ್3ಡಿ. 2022ರ ಏಪ್ರಿಲ್‌ನಲ್ಲಿ ಬಂತು. ಎಂಟು ಕೋರ್, ಗರಿಷ್ಠ 4.5 ಗಿಗಾಹರ್ಟ್ಸ್, ಸಾದಾ 5800ಎಕ್ಸ್ 4.7ರ ತನಕ ಹೋಗುತ್ತದೆ. ಆದರೂ ಬಹುತೇಕ ಆಟಗಳಲ್ಲಿ ಈ 3ಡಿ ಚಿಪ್ಪೇ ಮುಂದು, ಏಕೆಂದರೆ ಇದರ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗೇ ಇರುವ ಅತಿವೇಗದ ಮೆಮೊರಿ) 96 ಎಂಬಿ. 3600ರಲ್ಲಿ ಇರುವುದು 32, ಅದೂ ಹದಿನಾರರ ಎರಡು ಪಾಲು. ಬೇಕಾದ ಡೇಟಾ ಕ್ಯಾಶ್‌ನಲ್ಲೇ ಸಿಕ್ಕರೆ ಪ್ರೊಸೆಸರ್ ರ‍್ಯಾಮ್‌ಗಾಗಿ ಕಾಯುತ್ತ ಕೂರಬೇಕಿಲ್ಲ. ಫ್ಯಾಕ್ಟೋರಿಯೋ, ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಂಥ ಆಟಗಳಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. ವಿ-ಸಿಂಕ್ (ಫ್ರೇಮ್‌ಗಳನ್ನು ಪರದೆಯ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್), ಫ್ರೇಮ್ ಮಿತಿ ಎರಡನ್ನೂ ತೆಗೆದು, ಆಟದ ಗದ್ದಲದ ಜಾಗದಲ್ಲಿ ನಿಂತು ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್) ಬಳಕೆ ನೋಡಿ. 97-99% ಇದ್ದರೆ ಕಾರ್ಡೇ ಸುಸ್ತಾಗಿದೆ; ಈ ಚಿಪ್ ಹಾಕಿದರೂ ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಫ್ರೇಮ್‌ಗಳ ಸಂಖ್ಯೆ) ಹೆಚ್ಚು ಕದಲದು. 60-70%ರಲ್ಲಿ ತೂಗಾಡುತ್ತಿದ್ದರೆ ರೆಸಲ್ಯೂಶನ್ 1080ಪಿಯಿಂದ 720ಪಿಗೆ ಇಳಿಸಿ. ಎಫ್‌ಪಿಎಸ್ ಅಲ್ಲೇ ನಿಂತರೆ ತೊಡಕು ಪ್ರೊಸೆಸರ್ ಕಡೆ. ಸಿಪಿಯು ಬಳಕೆ ಬರೀ 40% ಅಂತ ತೋರಿಸುತ್ತಿದೆಯಲ್ಲ ಎಂದು ಸಮಾಧಾನಪಡಬೇಡಿ: ಅದು 3600ರ ಹನ್ನೆರಡು ಕೆಲಸದ ಸಾಲುಗಳ, ಅಂದರೆ ಥ್ರೆಡ್‌ಗಳ ಸರಾಸರಿ, ಆಟದ ಮುಖ್ಯ ಥ್ರೆಡ್ ಒಂದೇ ಪೂರ್ತಿ ದುಡಿದು ಹೈರಾಣಾಗಿರಬಹುದು. ರ‍್ಯಾಮ್ ಒಂದೇ ಕಡ್ಡಿ ಇದ್ದರೆ ಮೊದಲು ಇನ್ನೊಂದು ಸೇರಿಸಿ ಜೋಡಿ ಮಾಡಿ, ಆಮೇಲೆ ಹೊಸ ಚಿಪ್‌ನ ಮಾತು.

4ಕೆ ರೆಸಲ್ಯೂಶನ್‌ನಲ್ಲಿ ಹೊರೆ ಬೀಳುವುದು ಹೆಚ್ಚಾಗಿ ಕಾರ್ಡಿನ ಮೇಲೆ, ಹಾಗಾಗಿ ಅಲ್ಲಿ ಆಡುವವರು ಸುಮ್ಮನೆ ಕಾರ್ಡಿಗೇ ಹಣ ಹಾಕಲಿ. ಆದರೆ ಹಳೇ ಬಿ450 ಬೋರ್ಡಿನಲ್ಲಿ ಕಾರ್ಡು ಕೂರುವ ಪಿಸಿಐಇ ಸ್ಲಾಟ್ ಹಳೇ 3.0 ತಲೆಮಾರಿನದು; ಆರ್‌ಟಿಎಕ್ಸ್ 4060ರಂಥ ಎಂಟೇ ಲೇನಿನ (ಡೇಟಾ ಹಾದಿಯ) ಕಾರ್ಡು ಅಲ್ಲಿ, ಅದರಲ್ಲೂ 8 ಜಿಬಿ ಮೆಮೊರಿ ತುಂಬಿದಾಗ, ಎಡವುತ್ತದೆ.

ಚಿಪ್‌ನ ದೊಡ್ಡ ಕೊರತೆ ಬಿಸಿ. ಕ್ಯಾಶ್‌ನ ಪದರ ಮೇಲಿರುವುದರಿಂದ ಶಾಖ ಬೇಗ ಹೊರಬರದು, ಮಿತಿ 90 ಡಿಗ್ರಿ. ಡಬ್ಬಿಯಲ್ಲಿ ಕೂಲರ್ ಇಲ್ಲ. 3600ರ ಜೊತೆ ಬಂದ ಪುಟ್ಟ ಕೂಲರ್ 105 ವ್ಯಾಟ್‌ನ ಚಿಪ್‌ಗೆ ಸಾಲದು. ಮಲ್ಟಿಪ್ಲೈಯರ್‌ಗೆ (ವೇಗ ನಿರ್ಧರಿಸುವ ಗುಣಕಕ್ಕೆ) ಬೀಗ ಹಾಕಿದ್ದಾರೆ, ವೇಗ ಏರಿಸುವ ಓವರ್‌ಕ್ಲಾಕ್ ಆಸೆ ಬಿಡಿ.

ಹಳೇ ಚಿಪ್ ಇರುವಾಗಲೇ ಬಯಾಸ್ (ಬೋರ್ಡಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ, ಇಲ್ಲದಿದ್ದರೆ ಬೋರ್ಡು ಹೊಸ ಚಿಪ್ ಗುರುತಿಸದೆ ಪರದೆ ಕಪ್ಪಗೇ ಉಳಿಯಬಹುದು. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಚಿಪ್ ಬದಲಾದೊಡನೆ ವಿಂಡೋಸ್ ಅದನ್ನು ಕೇಳಬಹುದು. ಬಿಚ್ಚುವ ಮುನ್ನ ಹತ್ತು ನಿಮಿಷ ಆಟ ಓಡಿಸಿ ಕೂಲರಿಗೂ ಚಿಪ್ಪಿಗೂ ನಡುವಿನ ಪೇಸ್ಟ್ ಬಿಸಿಯಾಗಿ ಮೆತ್ತಗಾಗಲಿ. ಆಮೇಲೆ ಕಂಪ್ಯೂಟರ್ ಆಫ್ ಮಾಡಿ, ವೈರ್ ಕಿತ್ತು, ಕೂಲರನ್ನು ಮೆಲ್ಲಗೆ ತಿರುಚಿ ಎತ್ತಿ. ನೇರ ಎಳೆದರೆ ಸಾಕೆಟ್‌ನ ಲಿವರ್ ಹಾಕಿದ್ದರೂ ಚಿಪ್ ಕೂಲರಿಗೆ ಅಂಟಿಕೊಂಡೇ ಬರಬಹುದು, ಪಿನ್‌ಗಳು ಬಾಗಬಹುದು. ಬಯಾಸ್ ಅಪ್‌ಡೇಟ್ ಸೆಟ್ಟಿಂಗ್‌ಗಳನ್ನು ಅಳಿಸಿರುತ್ತದೆ. ಎಕ್ಸ್‌ಎಂಪಿ (ಮೆಮೊರಿಯನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಮತ್ತೆ ಆನ್ ಮಾಡದೆ, 3200ರ ರ‍್ಯಾಮ್ 2133ರಲ್ಲಿ ತೆವಳುತ್ತಿರುವಾಗ ಚಿಪ್‌ಗೆ ಬೈಯುವವರೇ ಹೆಚ್ಚು.